ಹೊರಗೆ 35 ಡಿಗ್ರಿ ಬಿಸಿಲು, ಕಚೇರಿಯಲ್ಲಿ ಶರತ್ಕಾಲದ ಉಡುಪು: ಟೆಕ್ಸಾಸಿನ ಸೆಪ್ಟೆಂಬರಿನಲ್ಲಿ ಏನು ತೊಡುವುದು?

ಪ್ಲೇನೋದ ಹೊಸಬಳು (ಪ್ರಶ್ನೆ)

ನಮಸ್ಕಾರ. ನಾನು ಜೂನ್ ತಿಂಗಳಲ್ಲಿ ದಾವಣಗೆರೆಯಿಂದ ಡಲ್ಲಾಸ್ ಬಳಿಯ ಪ್ಲೇನೋಗೆ ಬಂದವಳು. ಬಿಸಿಲು ನನಗೆ ಹೊಸದಲ್ಲ, ಆದರೆ ಇಲ್ಲಿಯವರ ಬಿಸಿಲಿಗೂ ಉಡುಪಿಗೂ ಏನು ಸಂಬಂಧವೆಂಬುದು ಅರ್ಥವಾಗುತ್ತಿಲ್ಲ. ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ರಜೆ ಮುಗಿಸಿ ಮರುದಿನ ಕಚೇರಿಗೆ ಹೋದಾಗ, ಹಿಂದಿನ ವಾರದವರೆಗೆ ತಿಳಿಬಣ್ಣದ ತೋಳಿಲ್ಲದ ಅಂಗಿ ತೊಡುತ್ತಿದ್ದ ಇಬ್ಬರು ಸಹೋದ್ಯೋಗಿಗಳು ಇಟ್ಟಿಗೆ ಬಣ್ಣದ ಸ್ವೆಟರ್ ಮತ್ತು ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದಿದ್ದರು. ಅಂದು ಮಧ್ಯಾಹ್ನ ಹೊರಗೆ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್ ಇತ್ತು. ಅಂಗಡಿಗಳಲ್ಲಿಯೂ ಹತ್ತಿಯ ಉಡುಪುಗಳನ್ನು ಆಗಸ್ಟಿನಲ್ಲಿಯೇ ರಿಯಾಯಿತಿಯ ಮೂಲೆಗೆ ಸರಿಸಿಬಿಟ್ಟಿದ್ದಾರೆ. ನಾನೂ ಗಾಬರಿಯಲ್ಲಿ ಒಂದು ಜೊತೆ ಬೂಟು ಕೊಂಡೆ.

ಇದು ಪಾಲಿಸಲೇಬೇಕಾದ ಪದ್ಧತಿಯೇ? ಬೆವರಿನಲ್ಲಿ ತೋಯದೆ, ಆದರೆ ಗುಂಪಿನಲ್ಲಿ ಬೇರೆಯಾಗಿಯೂ ಕಾಣದೆ ಅಕ್ಟೋಬರ್ ದಾಟುವುದು ಹೇಗೆ? ನವರಾತ್ರಿಗೆ ಬೊಂಬೆ ನೋಡಲು ನಾಲ್ಕೈದು ಮನೆಗಳಿಗೆ ಹೋಗಬೇಕಾಗಿದೆ. ರೇಷ್ಮೆ ಸೀರೆ ಉಟ್ಟು ಮನೆಯಿಂದ ಮನೆಗೆ ಕಾರು ಹತ್ತಿಳಿಯುವುದನ್ನು ನೆನೆದರೇ ಸೆಕೆಯಾಗುತ್ತದೆ.

ಹ್ಯೂಸ್ಟನ್ ಅಕ್ಕ

ತಂಗಿ, ಇದು ಯಾರೂ ಬರೆದಿಟ್ಟ ನಿಯಮವಲ್ಲ. ಲೇಬರ್ ಡೇ 1894ರಲ್ಲಿ ರಾಷ್ಟ್ರೀಯ ರಜೆಯಾಯಿತು. ಆ ವಾರಾಂತ್ಯವನ್ನು ಇಲ್ಲಿಯವರು ಬೇಸಿಗೆಯ ಕೊನೆಯೆಂದೇ ಎಣಿಸುತ್ತಾರೆ. ಅದಾದ ಮೇಲೆ ಬಿಳಿಯ ಉಡುಪು ತೊಡಬಾರದೆಂಬ ಹಳೆಯ ಶಿಷ್ಟಾಚಾರವೂ ಒಂದಿದೆ, ಆದರೆ ಅದನ್ನು ಈಗ ಯಾರೂ ಕಟ್ಟುನಿಟ್ಟಾಗಿ ನೋಡುವುದಿಲ್ಲ. ನೀವು ಬಿಳಿಯ ಕುರ್ತಾ ಹಾಕಿಕೊಂಡು ಹೋದರೆ ಏಕೆಂದು ಕೇಳುವವರಿಲ್ಲ. ನಿಜವಾದ ತೊಡಕೆಂದರೆ, ಬಟ್ಟೆ ಅಂಗಡಿಯವರ ಪಂಚಾಂಗ ಅಮೆರಿಕದ ಈಶಾನ್ಯದ ರಾಜ್ಯಗಳ ಹವೆಗೆ ಹೊಂದುವಂಥದ್ದು. ಅಲ್ಲಿ ಸೆಪ್ಟೆಂಬರಿನ ಸಂಜೆಗಳು ನಿಜಕ್ಕೂ ತಂಪಾಗಿರುತ್ತವೆ. ಟೆಕ್ಸಾಸಿಗೆ ಆ ಪಂಚಾಂಗ ಬಂದಿದೆ, ತಂಪು ಬಂದಿಲ್ಲ. ಡಲ್ಲಾಸಿನಲ್ಲಿ ಸೆಪ್ಟೆಂಬರಿನ ಹಗಲಿನ ಸರಾಸರಿ ಗರಿಷ್ಠ ತಾಪಮಾನವೇ 90 ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಅದು 80ರ ಹತ್ತಿರಕ್ಕೆ ಇಳಿಯುವುದು ಅಕ್ಟೋಬರಿನಲ್ಲಿ.

ಆದ್ದರಿಂದ ನಾನು ಮೊದಲು ಬಣ್ಣವನ್ನು ಬದಲಾಯಿಸುತ್ತೇನೆ, ಬಟ್ಟೆಯನ್ನಲ್ಲ. ಬೇಸಿಗೆಯಲ್ಲಿ ತೊಟ್ಟ ಅದೇ ತೆಳು ಹತ್ತಿ, ಅದೇ ಲಿನನ್. ಆದರೆ ನಿಂಬೆ ಹಳದಿಯ ಬದಲು ಅರಿಸಿನ, ಗುಲಾಬಿಯ ಬದಲು ಕಾವಿ ಅಥವಾ ಮರೂನ್, ಎಳೆ ಹಸಿರಿನ ಬದಲು ಆಲಿವ್ ಹಸಿರು. ದೊಡ್ಡ ಹೂವಿನ ಅಚ್ಚಿನ ಬಟ್ಟೆಗಳನ್ನು ಮಡಚಿಟ್ಟು ಚೌಕಳಿಯವನ್ನು ಹೊರತೆಗೆದರೂ ಸಾಕು, ನೋಡುವವರ ಕಣ್ಣಿಗೆ ಋತು ಬದಲಾಗಿರುತ್ತದೆ. ಚಪ್ಪಲಿಯಿಂದ ಮುಚ್ಚಿದ ಬೂಟಿಗೆ ಬನ್ನಿ, ಆದರೆ ಮೊಣಕಾಲುದ್ದದ್ದಕ್ಕೆ ನವೆಂಬರಿನವರೆಗೆ ಹೋಗಬೇಡಿ. ಸ್ವೆಟರನ್ನು ಮನೆಯಿಂದ ತೊಟ್ಟು ಹೋಗಬೇಕಾಗಿಲ್ಲ, ಕಚೇರಿಯ ಕುರ್ಚಿಯ ಬೆನ್ನಿಗೆ ನೇತುಹಾಕಿಟ್ಟಿರಿ, ಇಲ್ಲಿಯ ಎ.ಸಿ. ಜುಲೈಯಲ್ಲಿಯೂ ಅದನ್ನು ಬೇಡುತ್ತದೆ.

ನೂಲು ಬಲ್ಲವ

ಅಕ್ಕನವರ ಮಾತನ್ನು ಒಪ್ಪುತ್ತೇನೆ, ಆದರೆ ಬಣ್ಣಕ್ಕಿಂತ ಮೊದಲು ಅಂಗಿಯ ಒಳಗಿನ ಚೀಟಿ ಓದಬೇಕೆಂಬುದು ನನ್ನ ಅಭಿಪ್ರಾಯ. ನಮ್ಮದು ಗುಳೇದಗುಡ್ಡದ ನೇಕಾರರ ಮನೆತನ, ನಾನು ಓದಿದ್ದೂ ಜವಳಿ ತಂತ್ರಜ್ಞಾನ. ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬರುವ ಅಗ್ಗದ ಸ್ವೆಟರ್‌ಗಳಲ್ಲಿ ಎಷ್ಟೋ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್‌ನವು. ಸಾಧಾರಣ ಹವೆಯಲ್ಲಿ ನೂರು ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಿನನ್ ಸುಮಾರು 12 ಗ್ರಾಂ, ರೇಷ್ಮೆ 11 ಗ್ರಾಂ, ಉಣ್ಣೆ 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹಿಡಿಯುವುದಿಲ್ಲ. ಕ್ರೀಡಾ ಉಡುಪಿನಂತೆ ವಿಶೇಷವಾಗಿ ನೆಯ್ದದ್ದಲ್ಲದಿದ್ದರೆ ಅದರೊಳಗಿನ ಬೆವರು ಮೈಗೇ ಅಂಟಿಕೊಂಡಿರುತ್ತದೆ. ಇನ್ನೊಂದು ಗುಟ್ಟೆಂದರೆ ಅಸ್ತರಿ. ಹೊರಗೆ ಅಪ್ಪಟ ಲಿನನ್ ಇದ್ದು ಒಳಗೆ ಪೂರ್ತಿ ಪಾಲಿಯೆಸ್ಟರ್ ಅಸ್ತರಿ ಹೊಲಿದ ಜಾಕೆಟ್ಟು ಸೆಕೆಗೆ ಏನೂ ಪ್ರಯೋಜನವಿಲ್ಲ. ಕಾರ್ಡುರಾಯ್, ಫ್ಲಾನೆಲ್ ಮುಂತಾದ ಜುಂಗುಳ್ಳ ಬಟ್ಟೆಗಳು ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡಲೆಂದೇ ನೆಯ್ದವಾದ್ದರಿಂದ ಅವು ಹತ್ತಿಯವಾದರೂ ಈಗ ಬೇಡ.

ಗಾಢ ಬಣ್ಣ ಬಿಸಿಲನ್ನು ಹೀರುತ್ತದೆಂದು ಹೆದರುವವರಿಗೆ ಒಂದು ಮಾತು. ಮರುಭೂಮಿಯ ಬೆದುಯಿನ್ನರು ಕಪ್ಪು ನಿಲುವಂಗಿಯನ್ನೇಕೆ ತೊಡುತ್ತಾರೆಂಬ ಬಗ್ಗೆ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದಿತ್ತು. ಸಡಿಲವಾದ ನಿಲುವಂಗಿ ಕಪ್ಪಾಗಿದ್ದರೂ ಬಿಳಿಯಾಗಿದ್ದರೂ ಚರ್ಮಕ್ಕೆ ತಲಪುವ ಶಾಖ ಒಂದೇ ಎಂದು ಅದರಲ್ಲಿ ತೋರಿಸಿದ್ದರು. ಕಪ್ಪು ಬಟ್ಟೆ ಹೆಚ್ಚಾಗಿ ಹೀರಿದ ಶಾಖ ಮೈ ಮುಟ್ಟುವ ಮೊದಲೇ ಹೊರಗೆ ಹೋಗಿಬಿಡುತ್ತದೆ. ಅಂದರೆ ಮರೂನ್ ತೊಡಿ, ಮೈಗಂಟುವಂತೆ ತೊಡಬೇಡಿ.

ನವರಾತ್ರಿಗೆ ಇಳಕಲ್ ಸೀರೆ ಇದ್ದರೆ ಬೇರೆ ಯೋಚನೆಯೇ ಬೇಕಾಗಿಲ್ಲ. ಒಡಲು ಹತ್ತಿಯದಾಗಿದ್ದು ಸೆರಗು ಮಾತ್ರ ರೇಷ್ಮೆಯದಾದ ಸೀರೆಯನ್ನು ಆರಿಸಿಕೊಳ್ಳಿ. ಗಿರಿಕುಂಕುಮ, ದಾಳಿಂಬೆ ಕೆಂಪು, ನವಿಲು ಹಸಿರು ಇವೆಲ್ಲ ಅಮೆರಿಕದ ಅಂಗಡಿಗಳು ಶರತ್ಕಾಲದ ಬಣ್ಣಗಳೆಂದು ಈಗ ತೋರಿಸುತ್ತಿರುವವೇ. ನಮ್ಮ ಕಡೆ ವರ್ಷವಿಡೀ ನೇಯುತ್ತೇವೆ. ಅದರ ಮೇಲೊಂದು ಖಣದ ಕುಪ್ಪಸ ತೊಟ್ಟರೆ ಇನ್ನೇನು ಬೇಕು. (ನನ್ನ ಮಾತಿನಲ್ಲಿ ಊರಿನ ಪಕ್ಷಪಾತವಿದ್ದರೆ ಕ್ಷಮಿಸಿ.)

ಆಸ್ಟಿನ್ ಸೈಕಲ್ ಸವಾರ

ನೂಲು ಬಲ್ಲವರು ಉಣ್ಣೆಯ ಅಂಕಿ ಕೊಟ್ಟು ಮುಂದೆ ಸಾಗಿಬಿಟ್ಟರು, ಆದರೆ ಹೆಚ್ಚು ತೇವ ಹಿಡಿಯುವುದೇ ಉಣ್ಣೆಯಲ್ಲವೇ? ನಾನು ಸೆಪ್ಟೆಂಬರಿನಲ್ಲಿ ತೆಳುವಾದ ಮೆರಿನೊ ಉಣ್ಣೆಯ ಟೀ ಶರ್ಟನ್ನೇ ತೊಟ್ಟು ಹದಿನೈದು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ, ಹತ್ತಿಯಂತೆ ಅದು ಒದ್ದೆ ಚಿಂದಿಯಾಗುವುದಿಲ್ಲ. ಉಣ್ಣೆಯೆಂದೊಡನೆ ಕಂಬಳಿಯನ್ನೇ ನೆನೆಯಬೇಕಾಗಿಲ್ಲ.

ಎರಡನೆಯದಾಗಿ, ಬೆಚ್ಚಗಿನ ಉಡುಪನ್ನು ಅಟ್ಟಕ್ಕೆ ಹಾಕಿ ಮರೆಯಬೇಡಿ. ಇಲ್ಲಿ ಉತ್ತರದಿಂದ ಬೀಸಿ ಬರುವ ‘ನಾರ್ದರ್’ ಎಂಬ ಶೀತಗಾಳಿ ಕೆಲವೇ ಗಂಟೆಗಳಲ್ಲಿ ಋತುವನ್ನು ತಿರುವಿಹಾಕುತ್ತದೆ. 1911ರ ನವೆಂಬರ್ 11ರಂದು ಡಲ್ಲಾಸಿಗೆ ಉತ್ತರದಲ್ಲಿರುವ ಒಕ್ಲಹೋಮ ನಗರದಲ್ಲಿ 83 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಅದೇ ದಿನ 17ಕ್ಕೆ ಕುಸಿಯಿತು, ಅಂದರೆ 28 ಸೆಲ್ಸಿಯಸ್‌ನಿಂದ ಸೊನ್ನೆಗಿಂತ 8 ಡಿಗ್ರಿ ಕೆಳಕ್ಕೆ. ಅಷ್ಟು ತೀವ್ರವಾದದ್ದು ಅಪರೂಪವಾದರೂ, ಅಕ್ಟೋಬರ್ ನಡುವಿನಿಂದ ಕಾರಿನಲ್ಲಿ ಒಂದು ಶಾಲು ಇಟ್ಟಿರುವುದು ಒಳ್ಳೆಯದು.

ನೂಲು ಬಲ್ಲವ

ಸೈಕಲ್ ಸವಾರರ ಮಾತು ಸರಿ, ಮೆರಿನೊ ವಿಷಯದಲ್ಲಿ ಸೋತೆ. ಆದರೆ ಅದರ ಬೆಲೆಗೆ ಮೂರು ಹತ್ತಿಯ ಅಂಗಿ ಬರುತ್ತವೆಂಬುದನ್ನೂ, ಬಿಸಿನೀರಿನ ಯಂತ್ರಕ್ಕೆ ಹಾಕಿದರೆ ಅದು ಮಗುವಿನ ಅಂಗಿಯಾಗಿ ಹೊರಬರಬಹುದೆಂಬುದನ್ನೂ ಹೊಸಬರಿಗೆ ಹೇಳಬೇಕು.

ಪ್ಲೇನೋದ ಹೊಸಬಳು

ಎಲ್ಲರಿಗೂ ಧನ್ಯವಾದಗಳು. ಚೀಟಿ ಓದಿ ನೋಡಿದೆ; ನಾನು ಕೊಳ್ಳಬೇಕೆಂದಿದ್ದ ಸ್ವೆಟರ್ ಪೂರ್ತಿ ಅಕ್ರಿಲಿಕ್ಕಿನದು, ಅದನ್ನು ಅಲ್ಲಿಯೇ ಬಿಟ್ಟು ಬಂದೆ. ಅರಿಸಿನ ಬಣ್ಣದ ಲಿನನ್ ಕುರ್ತಾ ಮೊದಲೇ ನನ್ನ ಬಳಿ ಇತ್ತು, ನಿನ್ನೆ ಅದನ್ನು ತೊಟ್ಟು ಹೋದಾಗ ಬೂಟಿನ ಸಹೋದ್ಯೋಗಿಯೊಬ್ಬರು ‘ಶರತ್ಕಾಲ ಬಂದೇಬಿಟ್ಟಿತಲ್ಲ’ ಎಂದು ಮೆಚ್ಚಿಕೊಂಡರು. ಇಳಕಲ್ ಸೀರೆ ಅಮ್ಮನ ಪೆಟ್ಟಿಗೆಯಲ್ಲಿದೆ, ಮುಂದಿನ ವಾರ ಊರಿನಿಂದ ಬರುವವರ ಕೈಯಲ್ಲಿ ಕಳುಹಿಸುತ್ತಾರೆ. ಬೂಟನ್ನು ಇನ್ನೂ ಡಬ್ಬದಿಂದ ತೆಗೆದಿಲ್ಲ. ರಸೀತಿಯ ಗಡುವು ಭಾನುವಾರದವರೆಗೆ ಇರುವುದರಿಂದ ಶನಿವಾರವೇ ಹೋಗಿ ಹಿಂದಿರುಗಿಸಿ ಬರುತ್ತೇನೆ.