4ನೇ ಕ್ರಾಸ್ ನಿವಾಸಿಗಳು, ದಾವಣಗೆರೆ: ಮೂಲೆ ಮನೆಯ ಶೀಟಿನ ಧೂಳು

ಶುಕ್ರವಾರ, ರಾತ್ರಿ 1:40

27ನೇ ಮನೆ: ಇನ್ನು ನನ್ನ ಕೈಲಿ ತಡೆಯೋಕೆ ಆಗಲ್ಲ. ಹತ್ತು ಗಂಟೆಯಿಂದ ಮೂಲೆ ಮನೆಯಲ್ಲಿ ಗ್ರೈಂಡರ್ ಗುಂಯ್‌ಗುಡುತ್ತಿದೆ. ಹಾಲ್ ಸೀಲಿಂಗಿನ ಹಳೇ ಗಂಟುಗಂಟು ಟೆಕ್ಸ್‌ಚರ್ ಕೆರೆಯುತ್ತಿದ್ದಾರೆ. ಮಹಡಿ ಮೇಲಿನ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಶೀಟುಗಳನ್ನು ಸುತ್ತಿಗೆಯಲ್ಲಿ ಒಡೆದು ಖಾಲಿ ಸೈಟಿಗೆ ಎಸೆದಿದ್ದಾರೆ. ನಮ್ಮ ತುಳಸಿಕಟ್ಟೆ ಪೂರ್ತಿ ಬೆಳ್ಳಗಾಗಿದೆ. ಮಗ ಎದ್ದು ಕೂತು ಕೆಮ್ಮುತ್ತಿದ್ದಾನೆ. ಬೋರ್‌ವೆಲ್ ಗಲಾಟೆಯಲ್ಲೂ ಎಲ್ಲರೂ ಸುಮ್ಮನಿದ್ದಿರಿ. ಈ ಸಲವೂ ಹಾಗೇನಾ?

ಶನಿವಾರ, ಬೆಳಿಗ್ಗೆ 6:05

3ನೇ ಮನೆ: ಶುಭೋದಯ. ಈ ದಿನ ಎಲ್ಲರಿಗೂ ಒಳ್ಳೆಯದಾಗಲಿ 🙏🌺

9ನೇ ಮನೆ, ನಿವೃತ್ತ ಇಂಜಿನಿಯರ್: ಮೇಡಂ, ಮನೆ ರಿಪೇರಿ ಅಂದ ಮೇಲೆ ಧೂಳು ಇದ್ದೇ ಇರುತ್ತದೆ. ನಾನು 35 ವರ್ಷ ಇಂಥದ್ದೇ ಶೀಟಿನ ಕೆಳಗೆ ಮಲಗಿದ್ದೇನೆ. ಏನಾಗಿದೆ ನನಗೆ? ನಿಜವಾದ ತಪ್ಪು ಬೇರೆ ಇದೆ. ಮೂಲೆ ಮನೆಯವರು ರಸ್ತೆ ಕಡೆ ಜಾಗ ಬಿಡದೆ ಕಟ್ಟಿದ್ದಾರೆ. ಇದನ್ನು 2 ವರ್ಷದಿಂದ ಹೇಳುತ್ತಿದ್ದೇನೆ.

15ನೇ ಮನೆ: ತುಳಸಿಕಟ್ಟೆ ಬೆಳ್ಳಗಾಗಿದ್ದರೆ ಸುಣ್ಣ ಬಳಿಯೋ ಖರ್ಚು ಉಳಿಯಿತು ಬಿಡಕ್ಕ 😀

27ನೇ ಮನೆ: ತಮ್ಮಾ, ಇವತ್ತು ತಮಾಷೆ ಬೇಡಪ್ಪ.

18ನೇ ಮನೆ ಆಂಟಿ: ನನ್ನ ಮಗಳು ಇಂಗ್ಲೆಂಡಿನಲ್ಲಿ ಹಳೇ ಮನೆ ತಗೊಂಡಾಗ ಸೀಲಿಂಗಿಗೆ ಒಂದು ತೂತು ಹಾಕೋಕೂ ಬಿಡಲಿಲ್ಲ. ಮೊದಲು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಅಲ್ಲಿ ಹಿಂದೆ ಟೆಕ್ಸ್‌ಚರ್ ಬಳಿಯೋ ಪುಡಿಗೆ ಬಿಳಿ ಕಲ್ನಾರು, ಅಂದರೆ ಬಿಳಿ ಆಸ್ಬೆಸ್ಟಾಸ್, ಬೆರೆಸುತ್ತಿದ್ದರಂತೆ. 1999ರಲ್ಲಿ ಆ ದೇಶದಲ್ಲಿ ಪೂರ್ತಿ ನಿಷೇಧ ಆಯಿತು.

9ನೇ ಮನೆ: ಅದು ಇಂಗ್ಲೆಂಡ್ ಮೇಡಂ, ಇದು ದಾವಣಗೆರೆ. ಇಲ್ಲಿ ಈಗಲೂ ಅಂಗಡಿಯಲ್ಲಿ ಆ ಶೀಟು ಮಾರುತ್ತಾರೆ. ಅಪಾಯ ಇದ್ದರೆ ಸರ್ಕಾರ ಬಿಡುತ್ತಿತ್ತಾ?

21ನೇ ಮನೆ: ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಸುರಕ್ಷತೆ ವಿಭಾಗದಲ್ಲಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ಸರ್ ಹೇಳಿದ್ದರಲ್ಲಿ ಒಂದು ಮಾತು ಸರಿ. ಬಿರುಕಿಲ್ಲದ ಶೀಟಿನ ಕೆಳಗೆ ಮಲಗುವುದರಿಂದ ಅಂಥ ಅಪಾಯ ಇಲ್ಲ. ಅದರಲ್ಲಿ ಕಲ್ನಾರಿನ ಎಳೆ ಸಿಮೆಂಟಿನ ಜೊತೆ ಗಟ್ಟಿಯಾಗಿ ಕೂತಿರುತ್ತದೆ. ಒಡೆದಾಗ, ಗ್ರೈಂಡರ್ ಹಿಡಿದಾಗ, ಒಣ ಪೊರಕೆಯಲ್ಲಿ ಗುಡಿಸಿದಾಗ ಅದು ಬಿಡಿಸಿಕೊಂಡು ಗಾಳಿಗೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ. ಶ್ವಾಸಕೋಶದೊಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಕ್ಯಾನ್ಸರ್ ಬರಲು 20, 30, 40 ವರ್ಷ ಹಿಡಿಯಬಹುದು. ಅದಕ್ಕೇ 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು 40 ವರ್ಷ ಇಟ್ಟುಕೊಳ್ಳಿ ಅಂತ ಹೇಳಿತು. ಈಗ ಏನೂ ಆಗಿಲ್ಲ ಅನ್ನೋದು ಸಮಾಧಾನದ ಮಾತಲ್ಲ.

ಹಾಗಂತ ಒಂದು ರಾತ್ರಿಯ ಧೂಳಿಗೆ ಯಾರೂ ಹೆದರಿ ಆಸ್ಪತ್ರೆಗೆ ಓಡಬೇಕಿಲ್ಲ. ಧೂಳು ಎಷ್ಟು, ಎಷ್ಟು ಸಲ ಕುಡಿದೆವು ಅನ್ನೋದರ ಮೇಲೆ ಅಪಾಯ ಏರುತ್ತದೆ. ಅಕ್ಕಾ, ಮಗನ ಕೆಮ್ಮು ನಿಲ್ಲದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಸೀಲಿಂಗಿನ ಟೆಕ್ಸ್‌ಚರ್‌ನಲ್ಲಿ ಕಲ್ನಾರು ಇದೆಯಾ ಇಲ್ಲವಾ ಅಂತ ನೋಡಿ ಹೇಳೋಕೆ ಆಗಲ್ಲ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೇ ನೋಡಬೇಕು. ಅಲ್ಲಿಯವರೆಗೆ ಕೆರೆಯೋದು ನಿಲ್ಲಿಸಲಿ. ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೇ ಬಣ್ಣ ಹೊಡೆಯಬಹುದು, ಇಲ್ಲವೇ ಕೆಳಗೆ ಹೊಸ ಸೀಲಿಂಗ್ ಕಟ್ಟಬಹುದು.

3ನೇ ಮನೆ: ಬಂದ ಮೆಸೇಜ್ ಕಳಿಸುತ್ತಿದ್ದೇನೆ. ಧೂಳು ಕುಡಿದವರು ರಾತ್ರಿ ಒಂದು ಉಂಡೆ ಬೆಲ್ಲ ತಿಂದರೆ ಶ್ವಾಸಕೋಶ ಪೂರ್ತಿ ಸ್ವಚ್ಛ. ಹತ್ತು ಜನರಿಗೆ ಕಳಿಸಿ.

12ನೇ ಮನೆ ಅಜ್ಜ: ನಾವೂ ಹತ್ತಿ ಗಿರಣಿಯಲ್ಲಿ ಬೆಲ್ಲ ತಿಂದವರೇ ಕಣವ್ವ. ರಜೆ ಮುಗಿಸಿ ಹೋದ ದಿನ ಎದೆ ಬಿಗಿದುಕೊಳ್ಳುತ್ತಿತ್ತು. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಎದೆಗೆ ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಎಷ್ಟು ಜನ ಉಸಿರಿಗೆ ಒದ್ದಾಡಿ ಹೋದರು ಅಂತ ನನಗೆ ಗೊತ್ತು. 21ನೇ ಮನೆ ಹುಡುಗ ಹೇಳಿದ್ದನ್ನು ಕೇಳಿ.

ಮೂಲೆ ಮನೆ: ಎಲ್ಲರೂ ನನ್ನನ್ನೇ ಕಳ್ಳನ ಥರ ನೋಡುತ್ತಿದ್ದೀರಿ. ಕೆಲಸ ಪೂರ್ತಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೇನೆ. ಹಗಲು ಕರೆಂಟ್ ಇರಲಿಲ್ಲ, ಅದಕ್ಕೆ ರಾತ್ರಿ ಮಾಡಿದ್ದಾರೆ. ಮಗಳ ಮದುವೆ ಹತ್ತಿರ ಬಂತು.

9ನೇ ಮನೆ: ಮದುವೆ ಇದ್ದರೆ ರಸ್ತೆಗೆ ಮೆಟ್ಟಿಲು ತರಬಹುದಾ? ಮೊದಲು ಅದಕ್ಕೆ ಉತ್ತರ ಕೊಡಿ.

ಮೂಲೆ ಮನೆ: ಸರ್, ನಿಮ್ಮ ಗೇಟ್ ಎಲ್ಲಿಗೆ ತೆರೆಯುತ್ತದೆ ಅಂತ ನಾನೂ ಹೇಳಬಲ್ಲೆ.

9ನೇ ಮನೆ: ಸೈಟಿನ ಮಾಲೀಕರು ಕಾಂಪೌಂಡ್ ಹಾಕಿದ್ದರೆ ಇದೆಲ್ಲ ಆಗುತ್ತಿತ್ತಾ? ಸಂಘದ ಕಾರ್ಯದರ್ಶಿಗಳು ಏನು ಮಾಡುತ್ತಿದ್ದಾರೆ?

ಕಾರ್ಯದರ್ಶಿ: ಬಾಕಿ ಚಂದಾ ಕೊಟ್ಟವರು ಕೇಳಲಿ, ಉತ್ತರ ಕೊಡುತ್ತೇನೆ.

27ನೇ ಮನೆ: ದಯವಿಟ್ಟು ಜಗಳ ನಿಲ್ಲಿಸಿ. ಈಗ ತಾನೇ ಹೋಗಿ ನೋಡಿ ಬಂದೆ. ಗಾರೆ ಕೆಲಸದ ಹುಡುಗಿ ಸೆರಗು ಮೂಗಿಗೆ ಕಟ್ಟಿಕೊಂಡು ಆ ಪುಡಿಯನ್ನು ಗುಡಿಸುತ್ತಿದ್ದಾಳೆ. ಮೆಟ್ಟಿಲ ಕೆಳಗೆ ಸೀರೆ ಜೋಳಿಗೆಯಲ್ಲಿ ಅವಳ ಕೂಸು ಮಲಗಿದೆ. ನಮಗೆ ಒಂದು ರಾತ್ರಿ, ಅವರಿಗೆ ದಿನಾ ಇದೇ. ಕೂಸನ್ನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೇನೆ.

21ನೇ ಮನೆ: ಒಳ್ಳೇದು ಮಾಡಿದಿರಿ ಅಕ್ಕ. ಗುಡಿಸೋದು ನಿಲ್ಲಿಸಲು ಹೇಳಿ. ಸೆರಗು, ಕರ್ಚೀಫು, ಸರ್ಜಿಕಲ್ ಮಾಸ್ಕ್ ಈ ಎಳೆಯನ್ನು ತಡೆಯಲ್ಲ. ಸೋಪಿನ ನೀರು ಮೆಲ್ಲಗೆ ಸಿಂಪಡಿಸಿ ಪುಡಿ ನೆನೆಸಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆ ಬಟ್ಟೆಯನ್ನೂ ಕವರಿಗೆ ಹಾಕಿ ಕಟ್ಟಬೇಕು. ಮನೆಯ ವ್ಯಾಕ್ಯೂಮ್ ಬೇಡ, ಅದು ಎಳೆಯನ್ನು ಮತ್ತೆ ಗಾಳಿಗೇ ಉಗುಳುತ್ತದೆ. ತಂತಿ ಮೇಲೆ ಒಣಗಿದ ಬಟ್ಟೆ ಕೊಡವಬೇಡಿ, ಹಾಗೇ ನೀರಿಗೆ ಹಾಕಿ. ಸೈಟಿನಲ್ಲಿರೋ ಚೂರುಗಳನ್ನು ನೆನೆಸಿ, ಮತ್ತೆ ಒಡೆಯದೆ ಎತ್ತಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಮೇಲೆ ಕಲ್ನಾರು ಅಂತ ಬರೆಯಬೇಕು. ಕಸದ ಗಾಡಿಗೆ ಹಾಕುವಂತಿಲ್ಲ. ಎಲ್ಲಿಗೆ ಕಳಿಸೋದು ಅಂತ ಪಾಲಿಕೆಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಬರವಣಿಗೆಯಲ್ಲಿ ಕೇಳೋಣ. ಅರ್ಜಿ ನಾನು ಬರೆಯುತ್ತೇನೆ, ಸಹಿ ನೀವು ಹಾಕಿ.

ಮೂಲೆ ಮನೆ: ಕೆರೆಯೋದು ನಿಲ್ಲಿಸಿದ್ದೇನೆ. ಪ್ಲಾಸ್ಟಿಕ್ ಖರ್ಚು ನನ್ನದು. ಆದರೆ ಎತ್ತೋದಕ್ಕೆ ಇನ್ನು ಯಾರೂ ಬರುತ್ತಿಲ್ಲ.

9ನೇ ಮನೆ: ಅರ್ಜಿಯಿಂದ ಏನೂ ಆಗಲ್ಲ. ಭಾನುವಾರ ಜೆಸಿಬಿ ತರಿಸೋಣ. ಸೈಟಿನ ಪಾರ್ಥೇನಿಯಂ, ಕಲ್ಲು, ಶೀಟು ಎಲ್ಲ ಒಂದೇ ಸಲ ಮಟ್ಟ. ಹಾವಿನ ಕಾಟವೂ ತಪ್ಪುತ್ತದೆ. ಮನೆಗೆ 300 ರೂಪಾಯಿ.

15ನೇ ಮನೆ: 👍

3ನೇ ಮನೆ: 👍 ಮೊನ್ನೆ ನಾಗರಹಾವು ಬಂದಿತ್ತು.

ಕಾರ್ಯದರ್ಶಿ: 👍 ದುಡ್ಡು ನನಗೆ ಕಳಿಸಿ.

21ನೇ ಮನೆ: ಜೆಸಿಬಿ ಬೇಡ. ಚಕ್ರದಡಿ ಶೀಟು ಪುಡಿಯಾದರೆ ಮೂಲೆ ಮನೆಯ ಧೂಳು ಪೂರ್ತಿ ಬೀದಿಗೆ ಬರುತ್ತದೆ. ಕೈಮುಗಿದು ಹೇಳುತ್ತಿದ್ದೇನೆ.

27ನೇ ಮನೆ: ಜೆಸಿಬಿ ಬಂದರೆ ನಾನು ಸೈಟಿನ ಮುಂದೆ ಕೂರುತ್ತೇನೆ.

ಸೋಮವಾರ

ಕಾರ್ಯದರ್ಶಿ: ಜೆಸಿಬಿಗೆ 4 ಮನೆಯವರು ಮಾತ್ರ ಕೊಟ್ಟಿದ್ದಾರೆ. ವಾಪಸ್ ಕೊಡುತ್ತೇನೆ.

21ನೇ ಮನೆ: ಅರ್ಜಿಗೆ ಇದುವರೆಗೆ 3 ಸಹಿ. ಅಜ್ಜ, ಆಂಟಿ, 27ನೇ ಮನೆ ಅಕ್ಕ. ಈ ಎಳೆಯನ್ನು ತಡೆಯೋ ಪಿ100 ಫಿಲ್ಟರ್ ಇರೋ ಮಾಸ್ಕ್ ಎರಡು ತರಿಸಿದ್ದೇನೆ.

9ನೇ ಮನೆ: ಅರ್ಜಿ ಹೇಗೂ ಕೊಡುತ್ತೀರಿ. ಅದರಲ್ಲೇ ಪೈಪ್‌ಗೆ ಅಗೆದು ಹಾಗೇ ಬಿಟ್ಟಿರೋ ರಸ್ತೆ ವಿಷಯ ಮೊದಲು ಬರೆಯಿರಿ. ನಿನ್ನೆ ನನ್ನ ಸ್ಕೂಟರ್ ಜಾರಿತು.

15ನೇ ಮನೆ: ಹೌದು ಸರ್. ರಸ್ತೆ ಆದರೆ ನಾನೂ ಸಹಿ ಹಾಕುತ್ತೇನೆ.

3ನೇ ಮನೆ: ನಾನೂ.

18ನೇ ಮನೆ ಆಂಟಿ: ಶೀಟಿನ ಮಾತು ಎಲ್ಲಿ ಹೋಯಿತು?

ಕಾರ್ಯದರ್ಶಿ: ರಸ್ತೆ ಅರ್ಜಿಗೆ 11 ಸಹಿ ಆಗಿದೆ. ಗುರುವಾರ ಬೆಳಿಗ್ಗೆ 10ಕ್ಕೆ ಎಲ್ಲರೂ ಪಾಲಿಕೆಗೆ ಬನ್ನಿ.

ಸೋಮವಾರ, ರಾತ್ರಿ 9:20

27ನೇ ಮನೆ: ಸೈಟಿಗೆ ಹೊದಿಸಿದ್ದ ತಾಡಪಾಲು ಗಾಳಿಗೆ ಎದ್ದಿತ್ತು. ನಾನೂ ಆ ಗಾರೆ ಕೆಲಸದ ಹುಡುಗಿಯೂ ಮಾಸ್ಕ್ ಹಾಕಿಕೊಂಡು ಹೋಗಿ ನೀರು ಸಿಂಪಡಿಸಿ, ಸುತ್ತ ಇಟ್ಟಿಗೆ ಇಟ್ಟು ಬಂದಿದ್ದೇವೆ. ನಾಳೆ ಸ್ಕೂಲಿಗೆ ರಜೆ. ಮಕ್ಕಳನ್ನು ಆ ಸೈಟಿಗೆ ಕ್ರಿಕೆಟ್ ಆಡೋಕೆ ಕಳಿಸಬೇಡಿ.

3ನೇ ಮನೆ: ನಾಳೆ ನಲ್ಲಿ ನೀರು ಎಷ್ಟು ಗಂಟೆಗೆ, ಯಾರಿಗಾದರೂ ಗೊತ್ತಾ?