ತಮ್ಮನ ಕುಡಿತ ಬಿಡಿಸಬೇಕು, ಪಕ್ಕದ ಅಂಗಡಿಯಲ್ಲೇ ಪ್ಯಾಕೆಟ್ ಸಿಗುತ್ತೆ: ಅನುಭವ ಇದ್ದವರು ಹೇಳಿ

ಕೇಳಿದವರು, ಹಾಸನ ಕಡೆಯ ಹಳ್ಳಿ

ತಮ್ಮ ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದ. ಈಗ ಹಲ್ಲುಜ್ಜುವ ಮೊದಲೇ ಒಂದು 90 ಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ವೈನ್ ಶಾಪ್ ದೂರ ಇದೆ. ಆದರೆ ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲೇ ಟೆಟ್ರಾ ಪ್ಯಾಕ್ ಇಟ್ಟಿದ್ದಾರೆ, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಆಯ್ತು. ಕುಡಿತ ಬಿಡಿಸುತ್ತೆ ಅಂತ ನೆಂಟರೊಬ್ಬರು ಸಾರಿಗೆ ಬೆರೆಸುವ ಪುಡಿ ತಂದುಕೊಟ್ಟಿದ್ದಾರೆ. ಅಮ್ಮ, ರೂಮಿಗೆ ಹಾಕಿ ಬೀಗ ಹಾಕೋಣ ಅನ್ನುತ್ತಾರೆ. ಏನು ಮಾಡಲಿ?

ತಾಲ್ಲೂಕು ಆಸ್ಪತ್ರೆಯ ನರ್ಸ್

ಅಕ್ಕ, ಬೀಗ ಬೇಡವೇ ಬೇಡ. ಬೆಳಿಗ್ಗೆ ಕೈ ನಡುಗುವವರು ಒಮ್ಮೆಗೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಯಾರೋ ಹೊಡೆಯಲು ಬಂದರು ಅಂತ ಎದ್ದು ಓಡುತ್ತಾರೆ. ಜ್ವರ, ಬೆವರು ಬೇರೆ. ಊರಲ್ಲಿ ದೆವ್ವ ಮೆಟ್ಟಿಕೊಂಡಿದೆ ಅಂತ ತಾಯತ ಕಟ್ಟಿಸಲು ಹೋಗುತ್ತಾರೆ. ಇದು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ಆ ಮಾತ್ರೆಯನ್ನೇ ದಿನದಿನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಹಾಕುತ್ತಾರೆ. ಸಿಕ್ಕಿದ ಕಡೆ ಹೋಗಿ ಸುಮ್ನೆ ಗ್ಲೂಕೋಸ್ ಹಾಕಿಸಬೇಡಿ. ಬಿ1 ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಇಂಥವರ ಮೆದುಳಿಗೇ ತೊಂದರೆ ಆಗಬಹುದು.

ಪುಡಿ ಎಸೆದುಬಿಡಿ. ಅದರಲ್ಲಿ ಡೈಸಲ್ಫಿರಾಂ ಇರಬಹುದು. ಅದು ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಒಳ್ಳೆಯ ಔಷಧಿಯೇ, ಆದರೆ ತಗೊಳ್ಳುವವರಿಗೆ ಗೊತ್ತಿರಬೇಕು, ಒಪ್ಪಿರಬೇಕು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ.

ಒಬ್ಬರು

ಮೊದಲು ಮದುವೆ ಮಾಡಿ. ಜವಾಬ್ದಾರಿ ಬಂದರೆ ತಾನಾಗಿ ಸರಿ ಹೋಗುತ್ತಾನೆ.

ಬೆಳ್ತಂಗಡಿಯಿಂದ

ಅಣ್ಣಾ, ಹಾಗೆ ಹೇಳಿ ಮದುವೆ ಮಾಡಿಸಿದವರ ಮನೆಗೆ ಬಂದವಳು ನಾನೇ. ದಯವಿಟ್ಟು ಇನ್ನೊಬ್ಬಳನ್ನು ಇದರೊಳಗೆ ತರಬೇಡಿ.

ನಮ್ಮೆಜಮಾನರು ಬಿಟ್ಟಿದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದಲ್ಲಿ. 8 ದಿನದ ಶಿಬಿರ. ಬೇರೆ ಜಿಲ್ಲೆಗಳಲ್ಲೂ ನಡೆಯುತ್ತದೆ, ವಿಚಾರಿಸಿ. ಆದರೆ ಬಂದ ಮೇಲಿನ ಕಾಲವೇ ಕಷ್ಟ. ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಸಭೆಗೆ ಅವರು ತಪ್ಪಿಸುವುದಿಲ್ಲ. ಮದುವೆ ಮನೆಯಲ್ಲಿ ಊಟ ಆದ ಕೂಡಲೇ ಹೊರಟುಬಿಡುತ್ತೇವೆ. ಸಂಬಳ ನನ್ನ ಕೈಗೆ ಕೊಡುತ್ತಾರೆ. ಫೋನ್‌ಪೇ ಬಂದ ಮೇಲೆ ಅದಕ್ಕೂ ಅರ್ಥ ಉಳಿದಿಲ್ಲ ಅನ್ನಿ, ಫೋನನ್ನೂ ಕೊಡಿ ಅನ್ನೋಕಾಗುತ್ತಾ?

ಬೆಂಗಳೂರಿನಿಂದ, ಕುಡಿತ ಬಿಟ್ಟವನು

ಯಾರಾದರೂ "ಬಿಯರ್‌ಗೆ ಇಳಿಸಿ" ಅಂದರೆ ಕೇಳಬೇಡಿ. ನಾನೂ ಅದನ್ನೇ ನಂಬಿದ್ದೆ. ಶೇ. 42.8ರ 90 ಮಿ.ಲೀ. ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ! ಲೆಕ್ಕ ಹಾಕಿ ನೋಡಿ.

ನನಗೆ ಬಿಟ್ಟ ಮೇಲೆ ಜಾಸ್ತಿ ಕಾಡಿದ್ದು ಮ್ಯಾಚ್ ರಾತ್ರಿಗಳು. ಟಿವಿಯಲ್ಲಿ ಮದ್ಯದ ಜಾಹೀರಾತು ನಿಂತು ಎಷ್ಟೋ ವರ್ಷ ಆಯ್ತು. ಆದರೆ ಅದೇ ಹೆಸರು, ಅದೇ ಬಣ್ಣ ಇಟ್ಟುಕೊಂಡು ಸೋಡಾ, ನೀರು, ಮ್ಯೂಸಿಕ್ ಸಿಡಿ ಬಂದವು. ನಮ್ಮ ಆರ್‌ಸಿಬಿ ಹೆಸರೇ ರಾಯಲ್ ಚಾಲೆಂಜ್ ವಿಸ್ಕಿಯಿಂದ ಬಂದಿದ್ದು. 2022ರ ಜೂನ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಮರೆಮಾಚಿದ ಜಾಹೀರಾತನ್ನೂ ನಿಷೇಧಿಸಿತು. ಲೋಗೋ ಕಂಡರೆ ಬಾಯಲ್ಲಿ ರುಚಿ ಬರುವವನಿಗೆ ನಿಷೇಧದಿಂದ ಏನು ಬಂತು? ನಾನು ಮ್ಯಾಚ್ ಬಿಟ್ಟಿಲ್ಲ, ಮಕ್ಕಳ ಜೊತೆ ಕೂತು ನೋಡುತ್ತೇನೆ.

ರಾಯಚೂರು ಕಡೆಯಿಂದ, ಮಾಜಿ ಪಂಚಾಯಿತಿ ಸದಸ್ಯೆ

ತಂಗಿ, ಅಂಗಡಿ ವಿಷಯ ನಾ ಹೇಳ್ತೀನಿ. ಲೈಸೆನ್ಸ್ ಇಲ್ಲದೆ ಕಿರಾಣಿ ಅಂಗಡಿಯಲ್ಲಿ ಮಾರುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಒಬ್ಬಳೇ ಹೋಗಿ ಜಗಳ ಮಾಡಬೇಡ. ಸ್ವಸಹಾಯ ಸಂಘದವರ ಸಹಿ ಹಾಕಿಸಿ ಅಬಕಾರಿ ಇನ್‌ಸ್ಪೆಕ್ಟರ್‌ಗೂ ಪೊಲೀಸರಿಗೂ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಯಾವ ವೈನ್ ಶಾಪ್‌ನಿಂದ, ಯಾವ ಹೊತ್ತಲ್ಲಿ ಬಾಕ್ಸ್ ಬರುತ್ತೆ ಅಂತ ಬರೆಯಿರಿ. ಮಾರುವವನ ಹೆಸರು ಮಾತ್ರ ಬರೆದರೆ ಒಂದು ರೇಡ್ ಆಗುತ್ತದೆ, ವಾರದೊಳಗೆ ಮತ್ತೆ ಶುರು. ಮಾಲು ಇಟ್ಟಿದ್ದು ಕಣ್ಣಿಗೆ ಬಿದ್ದರೆ 112ಕ್ಕೆ ಫೋನ್ ಮಾಡಿ.

ಇಲಾಖೆ ಮೇಲೆ ಪೂರ್ತಿ ಭರವಸೆ ಇಡಬೇಡ. 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದರು, ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ. ಅಷ್ಟು ದುಡ್ಡು ಕುಡಿಯುವವರ ಜೇಬಿಂದಲೇ ಬರಬೇಕು, ಅಲ್ವಾ? 2019ರ ಜನವರಿಯಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳೂ ಸೇರಿ ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರು ತನಕ ನಡೆದರು. ಮಹಾರಾಷ್ಟ್ರದಲ್ಲಿ ಹೆಂಗಸರು ವೋಟು ಹಾಕಿ ಊರಿನ ಅಂಗಡಿ ಮುಚ್ಚಿಸಬಹುದು. ಆ ಅಧಿಕಾರ ನಮಗೂ ಕೊಡಿ ಅನ್ನೋದು ನನ್ನ ಮಾತು.

ಕೇಳಿದವರು

ಪುಡಿ ಎಸೆದೆ. ತಮ್ಮನ ಜೊತೆ ಬೆಳಿಗ್ಗೆ ನಿಧಾನವಾಗಿ ಮಾತಾಡಿದೆ. "ಕಟ್ಟಿ ಹಾಕ್ತಾರಾ?" ಅಂತ ಕೇಳಿದ. ಹೆದರಿದ್ದಾನೆ. ಎಲ್ಲಿಗೆ ಕರೆದುಕೊಂಡು ಹೋಗಲಿ?

ನರ್ಸ್

ಕಟ್ಟಿ ಹಾಕಲ್ಲ ಅಂತ ಧೈರ್ಯ ಹೇಳಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಮೊದಲೇ ಕೇಳಿಕೊಂಡು ಹೋಗಿ. ಇಲ್ಲವಾದರೆ ಜಿಲ್ಲಾಸ್ಪತ್ರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಅವನೇ ಮಾತಾಡಬಹುದು, ದುಡ್ಡಿಲ್ಲ. ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ ಅಂತ ಚೀಟಿಯಲ್ಲಿ ಬರೆದುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನ. ಮತ್ತೆ, ಹೊರಡುವ ದಿನ ಬೆಳಿಗ್ಗೆ ಕುಡಿಯಲೇಬಾರದು ಅಂತ ಹಠ ಹಿಡಿಯಬೇಡಿ. ದಾರಿಯಲ್ಲಿ ಬಸ್ಸಲ್ಲಿ ಫಿಟ್ಸ್ ಬಂದರೆ ನೀವೊಬ್ಬರೇ ಸುಧಾರಿಸಲು ಆಗಲ್ಲ.