ಪದಚರ್ಚೆ: ‘ಆಕ್ರಮಣಶೀಲವಲ್ಲದ ಪರೀಕ್ಷೆ’ ಮತ್ತು ‘ತಲೆಸುತ್ತು’

ಎಲ್ಲರಿಗೂ ನಮಸ್ಕಾರ,

ಕಳೆದ ತಿಂಗಳು ಉಡುಪಿಯಿಂದ ನನ್ನ ಸೋದರಮಾವನನ್ನು ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೊಟ್ಟ ಕನ್ನಡ ಕರಪತ್ರದ ಮೊದಲ ಸಾಲು ಹೀಗಿತ್ತು: ‘ಇದು ಸ್ವಾಯತ್ತ ನರಮಂಡಲ ವೈಫಲ್ಯದ ಆಕ್ರಮಣಶೀಲವಲ್ಲದ ಪರೀಕ್ಷೆ.’ (ಸ್ವಾಯತ್ತ ನರಮಂಡಲವೆಂದರೆ ಎದೆಬಡಿತ, ರಕ್ತದೊತ್ತಡಗಳನ್ನು ನಾವು ಹೇಳದೆಯೇ ನೋಡಿಕೊಳ್ಳುವ ನರಗಳು.) ಮಾವ ನಿವೃತ್ತ ಕನ್ನಡ ಮಾಸ್ಟ್ರು. ಎರಡು ಸಲ ಓದಿ, ‘ಹಾಗಾದ್ರೆ ಮೈಮೇಲೆ ಬೀಳುವ ಪರೀಕ್ಷೆಯೂ ಉಂಟಾ ಮಾರಾಯ?’ ಅಂದರು. ನಾನು ಅಲ್ಲೇ ನಕ್ಕೆ. ನಕ್ಕದ್ದಕ್ಕೆ ದಂಡವೋ ಏನೋ, ಅದನ್ನು ತಿದ್ದಿಕೊಡುವ ಕೆಲಸ ಈಗ ನನ್ನ ಕುತ್ತಿಗೆಗೆ ಬಂದಿದೆ.

ಮೊದಲು ‘ಆಕ್ರಮಣಶೀಲವಲ್ಲದ’, ಅಂದರೆ ದೇಹದೊಳಗೆ ಏನನ್ನೂ ತೂರಿಸದ ಎಂಬರ್ಥದ ಇಂಗ್ಲಿಷಿನ ‘ನಾನ್‌ಇನ್ವೇಸಿವ್’. ಈ ಪರೀಕ್ಷೆಯಲ್ಲಿ ರಕ್ತದೊತ್ತಡವನ್ನು ಎದೆಬಡಿತದ ಒಂದೊಂದು ಬಡಿತಕ್ಕೂ ಅಳೆಯಬೇಕು. ತೋಳಿಗೆ ಕಟ್ಟುವ ಪಟ್ಟಿ ಗಾಳಿ ತುಂಬಿ ಇಳಿಯುವಷ್ಟರಲ್ಲಿ ಹತ್ತಾರು ಬಡಿತ ಕಳೆದುಹೋಗುತ್ತದೆ. ಹಿಂದೆ ಇದಕ್ಕೆ ಅಪಧಮನಿಗೇ ಸೂಜಿ ಇಳಿಸಬೇಕಿತ್ತು. 1973ರಲ್ಲಿ ಜೆಕ್ ವಿಜ್ಞಾನಿ ಯಾನ್ ಪೆನ್ಯಾಜ್ ಬೆರಳಿಗೆ ಸುತ್ತುವ ಪುಟ್ಟ ಪಟ್ಟಿ ಮತ್ತು ಬೆಳಕಿನಿಂದ ಇದನ್ನು ಅಳೆಯುವ ದಾರಿ ತೋರಿಸಿದ. ಹಾಗಾಗಿ ಇಲ್ಲಿಗೆ ‘ಸೂಜಿ ಚುಚ್ಚದ ಪರೀಕ್ಷೆ’ ಅಂದರೆ ಸಾಕೇ ಸಾಕು. ಆದರೆ ಎಲ್ಲ ಕಡೆಗೂ ಅದೇ ಪದ ನಿಲ್ಲುವುದಿಲ್ಲ: ಎಂಡೋಸ್ಕೋಪಿಯಲ್ಲಿ ಕೊಳವೆ ಗಂಟಲಿಳಿಯುವುದಕ್ಕೆ ಸೂಜಿ ಬೇಡ, ಆದರೂ ಅದು ಒಳಗೆ ಹೋಗುತ್ತದಲ್ಲ. ‘ಒಳಹೊಗದ’ ಅಂತ ಒಂದು ಪದ ನನ್ನ ತಲೆಯಲ್ಲಿದೆ. ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

‘ಸ್ವಾಯತ್ತ’ದ ಬಗ್ಗೆ ನನಗೆ ತಕರಾರಿಲ್ಲ. ‘ತನ್ನ ಅಧೀನದಲ್ಲೇ ಇರುವುದು’ ಎಂಬ ಅರ್ಥ ಸರಿಯಾಗಿಯೇ ಕೂರುತ್ತದೆ. ಇಂಗ್ಲಿಷ್ ಶರೀರವಿಜ್ಞಾನಿ ಲ್ಯಾಂಗ್ಲಿ 1898ರಲ್ಲಿ ‘ಆಟೊನಾಮಿಕ್’ ಎಂದು ಹೆಸರಿಟ್ಟದ್ದೂ ಆ ನರಗಳಿಗೆ ಒಂದಿಷ್ಟು ಸ್ವಾತಂತ್ರ್ಯ ಇದೆಯೆಂದೇ. ನಮ್ಮೂರಲ್ಲಿ ಮಾತ್ರ ಸ್ವಾಯತ್ತ ಅಂದರೆ ಕಾಲೇಜು! ‘ವೈಫಲ್ಯ’ವನ್ನು ‘ದೌರ್ಬಲ್ಯ’ ಮಾಡೋಣವೆಂದರೆ, ‘ನರದೌರ್ಬಲ್ಯ’ವನ್ನು ಗೋಡೆ ಜಾಹೀರಾತಿನವರು ಎಂದೋ ಕೆಡಿಸಿಟ್ಟಿದ್ದಾರೆ. ಅದನ್ನು ಮುಟ್ಟುವ ಧೈರ್ಯ ನನಗಿಲ್ಲ.

ನಿಜವಾದ ತೊಂದರೆ ಇರುವುದು ‘ತಲೆಸುತ್ತು’ ಪದದಲ್ಲಿ. ಕರಪತ್ರದ ಉದ್ದಕ್ಕೂ ಅದೇ. ಮಾವನಿಗೆ ಆದದ್ದು ಅದಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರಿಗೆ. ಒಂದು ಮದುವೆಯಲ್ಲಿ, ಏಪ್ರಿಲ್ ಸೆಕೆಯಲ್ಲಿ, ಪಂಕ್ತಿಯಲ್ಲಿ ಕೂತು ಪಾಯಸದವರೆಗೆ ಉಂಡು ಕೈತೊಳೆಯಲು ಎದ್ದರು. ಎರಡು ಹೆಜ್ಜೆ ಇಟ್ಟು ಕಂಬ ಹಿಡಿದು ಅಲ್ಲೇ ಕುಸಿದರು. ‘ಏನಾಯ್ತು ಮಾವ?’ ಅಂದರೆ, ‘ಮಂಡೆ ತಿರುಗ್ಲಿಲ್ಲ, ಕಣ್ಣು ಕತ್ತಲೆ ಬಂತು’ ಅಂದರು. ಆ ಒಂದು ಮಾತಿನಲ್ಲಿ ಅರ್ಧ ರೋಗನಿರ್ಣಯ ಇತ್ತು ಎಂದು ಆಮೇಲೆ ಡಾಕ್ಟರೇ ಹೇಳಿದರು. ಮಂಡೆ ತಿರುಗುವುದೆಂದರೆ ಸುತ್ತಲಿನದೆಲ್ಲ ಗಿರಗಿರ ತಿರುಗಿದಂತಾಗುವುದು. ಹೆಚ್ಚಾಗಿ ಒಳಗಿವಿಯ ಕಡೆಯದು. ಕಣ್ಣು ಕತ್ತಲೆ ಬರುವುದು ಮೆದುಳಿಗೆ ರಕ್ತ ಸಾಲದೆ. ಎದ್ದಾಗ ರಕ್ತ ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ನರಗಳು ಆ ಕೂಡಲೇ ರಕ್ತನಾಳಗಳನ್ನು ಬಿಗಿ ಮಾಡಬೇಕು; ಸಕ್ಕರೆ ಕಾಯಿಲೆಯಿಂದ ಸೋತ ನರಗಳು ಅದನ್ನು ಮಾಡುವುದಿಲ್ಲ. ಊಟ ಮತ್ತು ಸೆಕೆ ಎರಡೂ ಸೇರಿದರೆ ಇನ್ನೂ ಕಷ್ಟ. ಅಜ್ಜಿಯಂದಿರು ಬೇರೆ ಬೇರೆಯಾಗಿ ಇಟ್ಟುಕೊಂಡ ಎರಡು ಮಾತನ್ನು ಕರಪತ್ರ ಒಂದೇ ಪಾತ್ರೆಗೆ ಸುರಿದಿದೆ.

ಇನ್ನೊಂದು ರತ್ನ: ‘ವಾಲ್ಸಾಲ್ವ ಕುಶಲಚಲನೆ’, ಅಂದರೆ ಇಂಗ್ಲಿಷಿನ ‘ವಾಲ್ಸಾಲ್ವ ಮನೂವರ್’. ಕುಶಲವೂ ಇಲ್ಲ, ಚಲನೆಯೂ ಇಲ್ಲ. ಬಾಯಿಗೆ ಕೊಳವೆ ಕೊಟ್ಟು, 40 ಮಿ.ಮೀ. ಪಾದರಸದ ಒತ್ತಡದಲ್ಲಿ 15 ಸೆಕೆಂಡು ಊದಿ ಹಿಡಿಯಬೇಕು, ಅಷ್ಟೆ. ಪರೀಕ್ಷೆ ಮಾಡುವ ಹುಡುಗಿ ‘ಅಜ್ಜ, ಶಂಖ ಊದಿದ ಹಾಗೆ ಊದಿ, ಬಿಡ್ಬೇಡಿ’ ಅಂದಳು. ಮಾವ ಕೆಂಪಗಾಗಿ ಊದಿದರು. ಆ ಹುಡುಗಿಯ ಕನ್ನಡವನ್ನೇ ಅಚ್ಚು ಹಾಕಿದರೆ ಏನು ನಷ್ಟ? ‘ಉಸಿರು ಕಟ್ಟಿ ತಿಣುಕುವುದು’ ಎಂದೂ ಬರೆಯಬಹುದು. ‘ತಿಣುಕು’ ಅಂದರೆ ಶೌಚದ ನೆನಪಾಗುತ್ತದೆ ಎಂದು ಆಸ್ಪತ್ರೆಯವರು ಹಿಂಜರಿದರು. ಆಗಲಿ, ಅಲ್ಲೂ ನಡೆಯುವುದು ಇದೇ ಅಲ್ಲವೇ?

ಕೊನೆಯದು, ‘ಬಿ.ಪಿ. ಉಂಟು’. ನಮ್ಮಲ್ಲಿ ಹಾಗೆಂದರೆ ಹೆಚ್ಚಿದೆ ಎಂದೇ ಅರ್ಥ. ಮಾವನದು ಮಲಗಿದ್ದಾಗ 160/90, ನಿಂತು ಮೂರು ನಿಮಿಷದೊಳಗೆ 118/70. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೂ ತೊಂದರೆಯೆಂದು ಲೆಕ್ಕ. ಇವರದು ಮೇಲಿನದೇ 42 ಇಳಿದಿತ್ತು. ಅಷ್ಟು ಇಳಿದರೂ ನಾಡಿ 72ರಿಂದ 76ಕ್ಕೆ ಮಾತ್ರ ಏರಿತ್ತು. ನರ ಸರಿಯಿದ್ದವರಿಗೆ ಬಡಿತ ಜೋರಾಗಿ ಏರಬೇಕಿತ್ತಂತೆ. ಇದಕ್ಕೆ ಕರಪತ್ರದಲ್ಲಿರುವ ಪದ ‘ಭಂಗಿಜನ್ಯ ಅಲ್ಪರಕ್ತದೊತ್ತಡ’. ನನ್ನ ತಿದ್ದುಪಡಿ ‘ನಿಂತಾಗ ಬಿ.ಪಿ. ಇಳಿಯುವುದು’. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ. ಮನೆಗೆ ಬಂದ ನೆಂಟರಿಗೆ ಮಾವ ಹೇಳುವುದು ಹೀಗೆ: ‘ಮಲಗಿದ್ರೆ ಬಿ.ಪಿ. ಉಂಟು, ಎದ್ರೆ ಇಲ್ಲ.’